ಎಲ್ಲಿಗೆ ಎಂದು ಕೇಳದವರು

೮ ಆಗಸ್ಟ್ ೨೦೨೪

ರಂಜಿತಾ,

ಬಂದು ಸೇರಿದ್ದೇನೆ. ಯಾವ ಊರು ಎಂದು ಬರೆಯುವ ಹಾಗಿಲ್ಲ. ಲಕೋಟೆಯ ಮೇಲೆ ಸೇನಾ ಅಂಚೆಯ ಒಂದು ನಂಬರು ಇದೆಯಲ್ಲ, ಅಷ್ಟೇ ನನ್ನ ವಿಳಾಸ. ನೀನು ಬರೆದದ್ದು ಎಲ್ಲೆಲ್ಲೋ ಸುತ್ತಿಕೊಂಡು ನನ್ನನ್ನು ತಲುಪುತ್ತದೆ. ಮೊಬೈಲನ್ನು ಗೇಟಿನಲ್ಲೇ ಇಸಿದುಕೊಂಡರು. ಭಾನುವಾರಕ್ಕೊಮ್ಮೆ ಫೋನು ಉಂಟು, ಆದರೆ ಬೆನ್ನ ಹಿಂದೆ ಸಾಲಾಗಿ ನಿಂತವರ ಕೆಮ್ಮು ಕೇಳುತ್ತ ಹೆಂಡತಿಯ ಜೊತೆ ಏನು ಮಾತಾಡುವುದು? ಮೊನ್ನೆ ಭಾನುವಾರ ನಾನು 'ಊಟ ಆಯ್ತಾ' ಎಂದು ಎರಡು ಸಲ ಕೇಳಿದೆ. ನೀನೂ ಎರಡು ಸಲ ಆಯಿತು ಎಂದೆ. ಅದಕ್ಕೇ ಈ ಕಾಗದ.

ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ನಿನ್ನನ್ನು ಹೊಳಲ್ಕೆರೆಯಲ್ಲಿ ಅಮ್ಮನ ಜೊತೆ ಬಿಟ್ಟು ಬಂದೆ. ಸಿಟ್ಟಿದ್ದರೆ ಅದನ್ನೂ ಬರೆ.

ಹೆಣ್ಣು ನೋಡಲು ಬಂದ ದಿನ ನಿಮ್ಮಪ್ಪ ಕೇಳಿದ್ದು ನೆನಪಿದೆಯೇ? ವಾಯುಸೇನೆಯಲ್ಲಿ ರೇಡಾರ್ ನೋಡುತ್ತೇನೆ ಎಂದೆ. 'ಅದ್ರಾಗೆ ಏನ್ ನೋಡ್ತೀಯಪ್ಪ?' ಎಂದರು. ಆಕಾಶ ಎಂದೆ. 'ಒಳ್ಳೇದಾತು, ಅದು ತಪ್ಪಿಸ್ಕೊಂಡು ಹೋಗಲ್ಲ' ಎಂದು ಸಂಬಂಧ ಒಪ್ಪಿಕೊಂಡರು. ಈಗಲೂ ಅದೇ ಕೆಲಸ. ಗುಡ್ಡದ ನೆತ್ತಿಯ ಮೇಲೆ ದೊಡ್ಡ ಬಿಳಿ ಗುಮ್ಮಟ, ಅದರೊಳಗೆ ರೇಡಾರು. ದೂರದಲ್ಲಿ ಎಲ್ಲಾದರೂ ಕ್ಷಿಪಣಿ ಎದ್ದರೆ ಮೊದಲು ಗೊತ್ತಾಗಬೇಕಾದದ್ದು ನಮಗೆ. ಅದು ಏಳುವುದಿಲ್ಲ. ಏಳದೆ ಇರುವುದನ್ನು ಕಣ್ಣು ಮುಚ್ಚದೆ ನೋಡುವುದಕ್ಕೆ ಸಂಬಳ. ಜೊತೆಗೆ ಮೇಲೆ ಹಾದುಹೋಗುವ ಉಪಗ್ರಹಗಳ ಲೆಕ್ಕವನ್ನೂ ಇಟ್ಟಿರುತ್ತೇವೆ.

ಬೆಳಿಗ್ಗೆ ಮಂಜು ಗುಡ್ಡ ಹತ್ತಿ ಬರುತ್ತದೆ. ಗುಮ್ಮಟ ಮೊದಲು ಅರ್ಧ ಕರಗುತ್ತದೆ, ಆಮೇಲೆ ಪೂರ್ತಿ. ನಾನು ಲೋಟ ಹಿಡಿದು ಕ್ಯಾಂಟೀನಿನ ಬಾಗಿಲಲ್ಲಿ ನಿಂತಿರುತ್ತೇನೆ. ಗುಡ್ಡವೂ ಇಲ್ಲ, ನಾನೂ ಇಲ್ಲ, ಬಿಸಿ ಚಹಾ ಮಾತ್ರ ಇದೆ ಅನ್ನಿಸುತ್ತದೆ.

ಏನು ಬೇಕಾದರೂ ಕೇಳು. ಹೇಳಬಹುದಾದದ್ದನ್ನೆಲ್ಲ ಹೇಳುತ್ತೇನೆ.

ದಯಾನಂದ


ಹೊಳಲ್ಕೆರೆ
೨೭ ಆಗಸ್ಟ್ ೨೦೨೪

ರೀ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಮಂಜಣ್ಣ ಬಾಗಿಲಲ್ಲೇ ನಿಂತು, 'ಏನಕ್ಕಾ, ನಾನು ಕೆಲ್ಸಕ್ಕೆ ಸೇರಿದ್ಮ್ಯಾಲೆ ಬರೀ ಬ್ಯಾಂಕಿನ ನೋಟೀಸೇ ಹಂಚೀನಿ. ಗಂಡ ಹೆಂಡ್ತಿಗೆ ಬರ್ದಿದ್ದು ಇದೇ ಮೊದ್ಲು' ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ನನಗೆ ನಾಚಿಕೆ, ಅತ್ತೆಗೆ ಹೆಮ್ಮೆ.

ಅತ್ತೆ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಎಲ್ಲವ್ನಂತೆ?' ಎಂದರು. ದೂರ ಇದ್ದಾರಂತೆ ಎಂದೆ. 'ದೂರ ಅಂದ್ರೆ ಯಾವ್ ದೂರ? ಹೆತ್ತೋಳಿಗೆ ಹೇಳ್ದಿದ್ರೆ ಹಾಳಾಗ್ಲಿ, ಕಟ್ಕೊಂಡೋಳಿಗಾದ್ರೂ ಹೇಳ್ಬ್ಯಾಡ್ವಾ ಇವ್ನು?' ಎಂದು ನಿಮ್ಮ ಮೇಲೆ ರೇಗಿದರು. ಎದುರುಮನೆ ಅನುಸೂಯಕ್ಕ ನೀವಿರುವುದು ಹಿಮಾಲಯವೇ ಎಂದು ತೀರ್ಮಾನ ಮಾಡಿ ಉಣ್ಣೆ ಟೋಪಿ ಹೆಣೆಯುತ್ತಿದ್ದಾರೆ. ಸೆಕೆಯ ಊರಾಗಿದ್ದರೆ ಅದನ್ನು ಏನು ಮಾಡುತ್ತೀರೋ ನೋಡಬೇಕು.

ನನಗೆ ಊರಿನ ಹೆಸರು ಬೇಡ. ನನ್ನ ತವರು ಹರಿಯಬ್ಬೆ ಹಟ್ಟಿಯಲ್ಲಿ ಕುರಿ ಹೊಡೆದುಕೊಂಡು ಹೊರಟವರನ್ನು 'ದೂರ ಹೊಂಟ್ರಾ' ಅನ್ನುತ್ತೇವೆಯೇ ಹೊರತು ಬೇರೇನೂ ಕೇಳುವುದಿಲ್ಲ. ನೀವು ಹೊರಟ ದಿನ ನಾನೂ ಹಾಗೇ ಕೇಳಿದೆ. ನೀವು ಹೂಂ ಎಂದು ನಕ್ಕಿರಿ. ಅಷ್ಟು ಸಾಕು.

ಸಂಜೆ ತಾರಸಿ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ನೀವು ಹೇಳಿಕೊಟ್ಟ ಹಾಗೆ ಮಿನುಗದೆ ಸುಮ್ಮನೆ ನಡೆಯುವ ಚುಕ್ಕಿಯನ್ನು ಹುಡುಕುತ್ತೇನೆ. ನಿನ್ನೆ ಒಂದು ಸಿಕ್ಕಿತು. ತೋಟಗಳ ಮೇಲಿಂದ ಬಂದು ದುರ್ಗದ ಕಡೆ ಹೋಯಿತು, ಒಂದಿಷ್ಟೂ ಅವಸರವಿಲ್ಲದೆ. ಇನ್ನೊಂದು ಗಳಿಗೆಗೆ ಇದು ಅವರ ಕಣ್ಣಿಗೆ ಬೀಳುತ್ತದೆ, ಏನಾದರೂ ಹೇಳಿ ಕಳಿಸೋಣ ಎಂದುಕೊಂಡೆ. ಏನೂ ಹೊಳೆಯಲಿಲ್ಲ. ಊಟ ಆಯಿತಾ ಅಂದೆ. ಕೈಯಲ್ಲಿ ನಿಮ್ಮ ಹಳೇ ಅಂಗಿ ಇತ್ತು, ಅದನ್ನು ಮಡಿಸಲು ಮನಸ್ಸಾಗದೆ ಹಾಗೇ ಹಿಡಿದುಕೊಂಡು ನಿಂತಿದ್ದೆ.

ರಂಜಿತಾ


೨೨ ಸೆಪ್ಟೆಂಬರ್ ೨೦೨೪

ರಂಜಿತಾ,

ಊಟ ಆಯಿತು. ಟೋಪಿ ತಲುಪಿತು. ಅದು ನನಗೆ ಉಪಯೋಗವಾಗುತ್ತದೋ ಇಲ್ಲವೋ ಎಂದು ಬರೆದರೆ ಅದೇ ಒಂದು ಸುಳಿವಾಗುತ್ತದೆ. ಹಾಗಾಗಿ ಟೋಪಿ ಬಹಳ ಚೆನ್ನಾಗಿದೆ ಎಂದಷ್ಟೇ ಅನುಸೂಯಕ್ಕನಿಗೆ ಹೇಳು.

ರೇಡಾರ್ ಎಂದರೆ ಏನು ಎಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಅದು ಕೇಳುವ ಯಂತ್ರ. ಇಲ್ಲಿಂದ ಒಂದು ಅಲೆ ಹೊರಡುತ್ತದೆ, ಎಲ್ಲಿದ್ದೀಯಾ ಎಂದು ಕೇಳುತ್ತ. ಅದು ಯಾವುದಕ್ಕಾದರೂ ತಾಗಿದರೆ ಇಲ್ಲಿದ್ದೇನೆ ಎಂಬ ಉತ್ತರ ಹಿಂದಕ್ಕೆ ಬರುತ್ತದೆ. ಕೆಟ್ಟುಹೋದ ಉಪಗ್ರಹಗಳೂ ಉತ್ತರ ಕೊಡುತ್ತವೆ. ಅವುಗಳ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿದೆ, ಹಾರಿಸಿದವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಆದರೂ ಕೇಳಿದ ತಕ್ಷಣ ಇಲ್ಲಿದ್ದೇನೆ ಅನ್ನುತ್ತವೆ. ಮುಂಜಾನೆಯ ಪಾಳಿಯಲ್ಲಿ ಅರೆನಿದ್ದೆಯ ಹಾಗಿರುತ್ತದೆ. ಪರದೆಯ ಮೇಲೆ ಒಂದೊಂದೇ ಮೂಡಿ, ತನ್ನ ದಾರಿ ಎಳೆದು, ಅಂಚಿನಲ್ಲಿ ಆರಿಹೋಗುತ್ತದೆ. ಯಾರೂ ಕೇಳದಿದ್ದರೆ ಅವು ಇರುವುದೇ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಯೋಚಿಸುತ್ತ ಕೂತಿರುತ್ತೇನೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಉದ್ದದ ಕಾಗದದಲ್ಲಿ ಒಂದು ಪ್ರಶ್ನೆ ಇಲ್ಲ. ಊರಿನ ಹೆಸರು ಬೇಡ ಎಂದು ಬರೆದಿದ್ದೀಯ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ, ನಿಜ. ಬಿಡು.

ಇನ್ನೊಂದು ವಿಷಯ. ಇಲ್ಲಿ ಕೆಲವರಿಗೆ ಮನೆ ಕೊಡುತ್ತಾರೆ. ಗುಡ್ಡದ ಬುಡದಲ್ಲಿ ಹಳದಿ ಬಣ್ಣದ ಸಾಲುಮನೆಗಳು. ಈ ಡಿಸೆಂಬರ್ ಒಳಗೆ ಅರ್ಜಿ ಕೊಟ್ಟರೆ ಮಾರ್ಚ್ ಹೊತ್ತಿಗೆ ಸಿಗಬಹುದು. ಕೊಡದಿದ್ದರೆ ಮೂರು ವರ್ಷ ಬ್ಯಾರಕ್ಕೇ ಗತಿ. ಸುಮ್ಮನೆ ತಿಳಿಸಿದೆ. ನನ್ನ ಕೋಣೆಯ ಒಡಿಶಾದವನು ಆಗಲೇ ಕೊಟ್ಟಾಯಿತು. ಅವನ ಹೆಂಡತಿ ಎಲ್ಲಿದ್ದೀಯಾ, ಎಲ್ಲಿದ್ದೀಯಾ ಎಂದು ಪ್ರತಿ ಭಾನುವಾರ ಅವನ ತಲೆ ತಿನ್ನುತ್ತಾಳಂತೆ.

ದಯಾನಂದ


೫ ನವೆಂಬರ್ ೨೦೨೪

ರೀ,

ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನಾನೀಗ ಹೊಳಲ್ಕೆರೆಯಲ್ಲಿಲ್ಲ. ಸ್ವಲ್ಪ ದೂರ ಬಂದಿದ್ದೇನೆ. ಆರೋಗ್ಯವಾಗಿದ್ದೇನೆ, ಯೋಚನೆ ಮಾಡಬೇಡಿ. ಇಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಭಾನುವಾರ ನನಗಾಗಿ ಕಾಯಬೇಡಿ.

ಇಲ್ಲಿ ಸುತ್ತಲೂ ಕೊಯ್ಲು ಮುಗಿದ ಹೊಲ. ಕುರಿಗಳು ಈಗಷ್ಟೇ ಎದ್ದಿವೆ. ಅವುಗಳ ಬೆನ್ನ ಮೇಲೆ ಇಬ್ಬನಿ ಇರುವಾಗ ಇಡೀ ಮಂದೆ ಬೆಳ್ಳಗೆ ಹೊಗೆಯಾಡುತ್ತದೆ. ಆಚೆಯ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಒಂದಾದ ಮೇಲೆ ಒಂದು ತಿರುಗಲು ಶುರು ಮಾಡುತ್ತವೆ. ಸದ್ದು ಇಲ್ಲಿಗೆ ಕೇಳುವುದಿಲ್ಲ. ಕಂಬಳಿ ಹೊದ್ದು ಕೂತು ನೋಡುತ್ತಿದ್ದರೆ ಮೈಮೇಲೆ ಜ್ಞಾನವೇ ಇರುವುದಿಲ್ಲ.

ಒಂದು ಕನಸು ಬಿತ್ತು. ಆಕಾಶದಲ್ಲಿ ಹುಲ್ಲು ಬೆಳೆದಿದೆ. ನೀವು ಹೆಗಲಿಗೆ ಕಂಬಳಿ ಹಾಕಿಕೊಂಡು ನಿಮ್ಮ ಉಪಗ್ರಹಗಳನ್ನು ಹೊಡೆದುಕೊಂಡು ಹೋಗುತ್ತಿದ್ದೀರಿ. ಹಳೆಯವು, ಕುಂಟುವವು ಹಿಂದೆ ಬೀಳುತ್ತಿವೆ. ನೀವು ನಿಂತು ನಿಂತು ಕರೆದುಕೊಳ್ಳುತ್ತೀರಿ. ನಾನು ಕೆಳಗಿನಿಂದ ಕೂಗಬೇಕೆಂದು ಬಾಯಿ ತೆರೆದೆ, ಎಚ್ಚರವಾಯಿತು. ಎಚ್ಚರವಾದದ್ದು ಒಳ್ಳೆಯದೇ ಆಯಿತು.

ಮನೆಯ ವಿಷಯ ಓದಿದೆ. ಹಳದಿ ಬಣ್ಣ ಚೆನ್ನಾಗಿರುತ್ತದೆ. ಸುಮ್ಮನೆ ತಿಳಿಸಿದೆ ಎಂದು ಬರೆದಿದ್ದೀರಿ, ಹಾಗಾಗಿ ನಾನು ಹೆಚ್ಚೇನು ಹೇಳಲಿ. ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ. ಒಡಿಶಾದವರ ಹೆಂಡತಿಯ ಎದೆಗಾರಿಕೆ ನನಗಿಲ್ಲ.

ರಂಜಿತಾ


೨೮ ನವೆಂಬರ್ ೨೦೨೪

ರಂಜಿತಾ,

ಕಾಗದ ತಲುಪಿತು. ಲಕೋಟೆಯ ಮೇಲೆ ಹಿರಿಯೂರಿನ ಮುದ್ರೆ ಇತ್ತು. ಅಮ್ಮನನ್ನು ಫೋನಿನಲ್ಲಿ ಕೇಳಿದರೆ, 'ಅವ್ರಪ್ಪನ ತಾವ ಹೋಗವ್ಳೆ, ಬರ್ತಾಳೆ ಬಿಡು' ಎಂದವಳೇ ಅಡಿಕೆ ರೇಟಿನ ಮಾತೆತ್ತಿದಳು. ಅಮ್ಮನಿಗೆ ಅಡಿಕೆ ರೇಟು ಕಟ್ಟಿಕೊಂಡು ಏನಾಗಬೇಕು? ನಮಗೆ ಒಂದು ಮರವೂ ಇಲ್ಲ. ನೀನು ತವರಿಗೇ ಹೋಗಿಬಿಟ್ಟಿದ್ದೀಯ ಎಂದು ನನಗೆ ಅರ್ಥವಾಯಿತು.

ನಿನ್ನ ಮೇಲೆ ಕೋಪವಿಲ್ಲ. ನನ್ನ ತಾತನೇ ಕುರಿ ಮಾರಿ ಪೇಟೆ ಸೇರಿದವನು. ನನಗೆ ಕುರಿಯ ಮುಂದೆ ಯಾವುದು ಹಿಂದೆ ಯಾವುದು ತಿಳಿಯದು. ನೀನು ಅವುಗಳ ನಡುವೆ ಸುಖವಾಗಿದ್ದೀಯ ಎಂದು ನಿನ್ನ ಕಾಗದವೇ ಹೇಳುತ್ತದೆ. ನಾಲ್ಕು ತಿಂಗಳಲ್ಲಿ ನಾನು ಎಲ್ಲಿದ್ದೇನೆ ಎಂದು ಒಮ್ಮೆಯೂ ಕೇಳಬೇಕು ಅನ್ನಿಸದವಳನ್ನು ಕರೆತಂದು ಗುಡ್ಡದ ಬುಡದ ಮನೆಯಲ್ಲಿ ಕೂರಿಸುವುದು ತಪ್ಪಾಗುತ್ತದೆ. ನಾನು ಮನೆಗೆ ಅರ್ಜಿ ಕೊಡುವುದಿಲ್ಲ. ಮೂರು ವರ್ಷ ಬ್ಯಾರಕ್ಕಿನಲ್ಲೇ ಇರುತ್ತೇನೆ ಎಂದು ಬರೆದುಕೊಡುತ್ತೇನೆ. ನೀನು ಹರಿಯಬ್ಬೆಯಲ್ಲೇ ಇರಬೇಕೆಂದಿದ್ದರೆ ಇರು. ಆಮೇಲಿನದನ್ನು ಹಿರಿಯರು ಕೂತು ಮಾತಾಡಲಿ.

ಈ ವಾರ ಒಂದು ಹಳೇ ಉಪಗ್ರಹ ಬಿದ್ದುಹೋಯಿತು. ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಕಡೆಯ ಸುತ್ತಿನಲ್ಲಿಯೂ ಇಲ್ಲಿದ್ದೇನೆ ಎಂದಿತು. ಮುಂದಿನ ಸಲ ಕೇಳಿದರೆ ಉತ್ತರವಿಲ್ಲ. ಅದು ಬರಬೇಕಾದ ಜಾಗವನ್ನೇ ನಾನು ಬಹಳ ಹೊತ್ತು ನೋಡುತ್ತಿದ್ದೆ.

ದಯಾನಂದ


೧೬ ಡಿಸೆಂಬರ್ ೨೦೨೪

ರೀ,

ನಿಮಗೆ ಬುದ್ಧಿ ಇದೆಯೇ?

ನಿಮ್ಮ ಕಾಗದ ಹೊಳಲ್ಕೆರೆಗೆ ಹೋಗಿ ಕೂತಿತ್ತು. ನಿಮ್ಮ ಫೋನೂ ನಿಂತುಹೋದದ್ದು ನೋಡಿ ಅತ್ತೆ ದಿಗಿಲುಬಿದ್ದು, ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಎರಡು ಬಸ್ ಹತ್ತಿಳಿದು, ಹೊಲ ತುಳಿದುಕೊಂಡು ನಮ್ಮ ಮಂದೆ ಇರುವಲ್ಲಿಗೇ ಬಂದರು. ಕುರಿಗಳ ಮಧ್ಯೆ ಚಪ್ಪಲಿ ಕೈಲಿ ಹಿಡಿದು ನಿಂತು, 'ಓದು. ನನ್ ಮಗ ಏನ್ ಬರ್ದವ್ನೆ ಓದು' ಎಂದರು. ಓದಿದೆ. 'ಇವ್ನಿಗೇನು ಬಂದೈತೆ ರೋಗ?' ಎಂದರು. ಇಬ್ಬರೂ ಬದುವಿನ ಮೇಲೆ ಕೂತು ಅತ್ತೆವು. ಆಮೇಲೆ ಅವರೇ ನನಗೆ ಬುತ್ತಿ ಬಿಚ್ಚಿ ಕೊಟ್ಟರು.

ಈಗ ನಾನು ಹೇಳುವುದನ್ನು ಕೇಳಿ. ಅಪ್ಪನ ಕಣ್ಣು ಪೂರ್ತಿ ಮಂಜಾಗಿತ್ತು. ಹಿರಿಯೂರಿನಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಗಬೇಕಿತ್ತು, ಒಂದಾದ ಮೇಲೆ ಒಂದು. ಅಷ್ಟು ದಿನ ಮಂದೆಯ ಜೊತೆ ಹೋಗುವವರು ಯಾರು? ಮನೆಗೆ ನಾನೊಬ್ಬಳೇ ಮಗಳು. ನಮ್ಮ ಸೋದರಮಾವ ಚಿಕ್ಕತಿಮ್ಮಪ್ಪನ ಜೊತೆ ನಾನು ಹೊರಟೆ. ಅತ್ತೆಯನ್ನು ಕೇಳಿಯೇ ಹೊರಟೆ. ನಿಮಗೆ ತಿಳಿಸುವುದು ಬೇಡ ಎಂದದ್ದು ಅಪ್ಪ. 'ಅಳಿಯಂದು ಕಣ್ಣಿಟ್ಟು ನೋಡೋ ಕೆಲ್ಸ. ಮನ್ಸು ಆಕಡೆ ಈಕಡೆ ಆಗಬಾರ್ದು' ಎಂದ. ಮಂದೆ ಹೊರಗಿರುವಾಗ ಅದು ಎಲ್ಲಿದೆ ಎಂದು ಮನೆಯವರು ಹೇಳುವುದಿಲ್ಲ, ಅದಕ್ಕೇ ಅತ್ತೆ ಪಾಪ ಅಡಿಕೆ ರೇಟು ಮಾತಾಡಿದ್ದು.

ನಾನು ಯಾಕೆ ಕೇಳಲಿಲ್ಲ ಎಂದರೆ ಇದು. ನನ್ನ ಅಜ್ಜಿ, ಅಪ್ಪನ ತಾಯಿ, ಆಗಿನ್ನೂ ಹೊಸ ಮದುವಣಗಿತ್ತಿ. ತಾತ ಕುರಿ ಹೊಡೆದುಕೊಂಡು ಹಟ್ಟಿಯ ಬೇಲಿ ದಾಟುವಾಗ ಹಿಂದಿನಿಂದ 'ಎಲ್ಲಿಗೆ?' ಎಂದುಬಿಟ್ಟಳು. ಹಾಗೆ ಕೇಳಿಸಿಕೊಂಡವನು ಹಿಂದಕ್ಕೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ತಾತ ನಕ್ಕು ಹಾಗೇ ಹೋದ. ತುಂಬಿದ ವೇದಾವತಿ ದಾಟುವಾಗ ಕುರಿಗಳು ಆಚೆ ದಡ ಸೇರಿದವು, ಅವನು ಸೇರಲಿಲ್ಲ. ಅಪ್ಪ ಆಗ ಹೊಟ್ಟೆಯಲ್ಲಿದ್ದ. ಅಜ್ಜಿ ಸಾಯುವವರೆಗೂ ಆ ಮಾತನ್ನು ಮತ್ತೆ ಆಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗಜ್ಜಿ ಎಂದರೆ ಇಳಿದುಬಿಡುತ್ತಿದ್ದಳು. ಅಪ್ಪ ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ನಾನು ಹಿರಿಯೂರಿಗೆ ಕಾಲೇಜಿಗೆ ಹೊರಟಾಗಲೂ ಕೇಳಲಿಲ್ಲ, ಮದುವೆಯಾಗಿ ಹೊರಟಾಗಲೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಾನೆ, ಅಷ್ಟೇ.

ಡಿಗ್ರಿ ಓದಿದವಳು ಇದನ್ನೆಲ್ಲ ನಂಬುತ್ತೀಯಾ ಅನ್ನುತ್ತೀರಿ. ನಂಬುವುದಿಲ್ಲ. ನಿಮ್ಮೊಬ್ಬರ ವಿಷಯದಲ್ಲಿ ನಂಬುತ್ತೇನೆ. ನೀವು ಮರಳಿ ಬರುವವರೆಗೂ ನನಗೆ ಇನ್ನೂ ದಾರಿಯಲ್ಲೇ ಇದ್ದ ಹಾಗೆ. ನೀವು ಹೋದ ದಿನದಿಂದ ಆ ಮಾತು ನನ್ನ ನಾಲಿಗೆಯ ಮೇಲೇ ಇದೆ. ಟೋಪಿ ನೆನೆದರೆ ಚಳಿಯೋ, ಅನ್ನಿಸುತ್ತದೆ. ಮಂಜು ಎಂದಿರಿ, ಸಮುದ್ರದ ಹತ್ತಿರವೋ, ಅನ್ನಿಸುತ್ತದೆ. ತಕ್ಷಣ ಕುರಿಗಳನ್ನು ಕೂಗಿ ಮನಸ್ಸು ಬೇರೆ ಕಡೆ ತಿರುಗಿಸುತ್ತೇನೆ.

ಈಗಲೂ ಕೇಳುವುದಿಲ್ಲ. ಬೈಯುವುದಾದರೆ ಬೈಯಿರಿ, ನೀವು ಚೆನ್ನಾಗಿದ್ದರೆ ಸಾಕು. ಆದರೆ ನನಗೆ ಆ ಮನೆ ಬೇಕು. ಹಳದಿಯೋ ಕಪ್ಪೋ ಯಾವ ಬಣ್ಣವಾದರೂ ಆಗಲಿ. ನೀವು ಪಾಳಿ ಮುಗಿಸಿ ಗುಡ್ಡ ಇಳಿದು ಬರುವುದು ಕಾಣುವ ಹಾಗೆ ಒಂದು ಕಿಟಕಿ ಇರಬೇಕು. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ತಿಂಗಳು ಮುಗಿಯುವ ಮೊದಲು ಸಿಗಲಿ ದೇವರೇ.

ರಂಜಿತಾ


೪ ಜನವರಿ ೨೦೨೫

ರಂಜೀ,

ನಿನ್ನ ಕಾಗದ ಬಂದದ್ದು ಡಿಸೆಂಬರ್ ಮೂವತ್ತಕ್ಕೆ. ನಾನು ಅಷ್ಟರಲ್ಲಿ ಬ್ಯಾರಕ್ಕೇ ಸಾಕು ಎಂದು ಬರೆದುಕೊಟ್ಟಾಗಿತ್ತು. ಓದಿದವನೇ ಓಡಿದೆ. ಸಾಹೇಬರು ಊಟಕ್ಕೆ ಏಳುತ್ತಿದ್ದರು. ಸರ್, ನನ್ನ ಕಾಗದ ವಾಪಸು ಕೊಡಿ, ಮನೆ ಬೇಕು ಎಂದೆ. ಯಾಕೆ ಎಂದರು. ಏನು ಹೇಳಲು ಹೊರಟೆನೋ, ಬಾಯಿಗೆ ಬಂದದ್ದು ಮಾತ್ರ ಇದು: ನನ್ನ ಹೆಂಡತಿ ನಾನು ಎಲ್ಲಿದ್ದೇನೆ ಎಂದು ಕೇಳುವುದೇ ಇಲ್ಲ ಸರ್. ಸಾಹೇಬರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಇಡೀ ವಾಯುಸೇನೆಯಲ್ಲಿ ಅಂಥ ಇನ್ನೊಬ್ಬ ಹೆಂಡತಿ ಇಲ್ಲ, ಬೇಗ ಕರೆಸಿಕೋ ಎಂದರು.

ಅರ್ಜಿ ಕೊಟ್ಟಿದ್ದೇನೆ. ಸಾಲಿನ ತುದಿಯ ಮನೆ ಸಿಗಬಹುದು. ಗುಡ್ಡದ ಕಡೆಗೆ ಕಿಟಕಿ ಇದೆ, ಹೋಗಿ ನೋಡಿಕೊಂಡು ಬಂದೆ.

ಆಕಾಶದಲ್ಲಿ ಎಷ್ಟೋ ಸಾವಿರ ಮೈಲಿ ಆಚೆಗೆ ಇರುವುದನ್ನು ಗುರುತು ಹಿಡಿಯುತ್ತೇನೆ, ನಿನ್ನ ಒಂದು ಕಾಗದ ಓದಲು ಬರಲಿಲ್ಲ. ನನಗೆ ನಾಚಿಕೆಯಾಗುತ್ತಿದೆ. ನೀನು ಬೇಕು ಎಂದು ಸೆಪ್ಟೆಂಬರಿನಲ್ಲೇ ನೇರವಾಗಿ ಬರೆಯಬೇಕಿತ್ತು. ಈಗ ಬರೆಯುತ್ತೇನೆ, ನೀನು ಬೇಕು. ಮಾವನವರ ಕಣ್ಣು ಹೇಗಿದೆ?

ರೈಲಿನ ಟಿಕೆಟ್ ಕಳಿಸಿಕೊಡುತ್ತೇನೆ. ಅದರಲ್ಲಿರುವುದು ನೀನು ಇಳಿಯುವ ಸ್ಟೇಷನ್ನು, ನಾನಿರುವ ಊರಲ್ಲ. ಅಲ್ಲಿಗೆ ನಾನೇ ಬರುತ್ತೇನೆ. ಮುಂದಿನದನ್ನು ದಾರಿಯಲ್ಲಿ ಬಾಯಲ್ಲೇ ಹೇಳುತ್ತೇನೆ, ನೀನು ಕೇಳದಿದ್ದರೂ.

ನಿನ್ನ
ದಯಾನಂದ


ರೈಲಿನಲ್ಲಿ
೯ ಮಾರ್ಚ್ ೨೦೨೫

ರೀ,

ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಗೇ ಕೊಡುತ್ತೇನೆ. ಎದುರು ನಿಂತರೆ ನನಗೆ ಹೇಳಲು ಬರುವುದಿಲ್ಲ ಎಂದು ಈಗಲೇ ಬರೆದಿಡುತ್ತಿದ್ದೇನೆ.

ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆ. ಅತ್ತೆ ರಾಗಿಹಿಟ್ಟು, ಹುರುಳಿಕಾಳು, ಶೇಂಗಾ ಚಟ್ನಿಪುಡಿ ಎಲ್ಲ ಕಟ್ಟಿ, 'ಅವ್ನಿಗೆ ಮೊದ್ಲು ಎರಡು ಬೈದು ಆಮ್ಯಾಲೆ ಮುದ್ದೆ ಇಕ್ಕು' ಎಂದರು. ಅಪ್ಪ ಹರಿಯಬ್ಬೆಯಿಂದ ಬಂದಿದ್ದ. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾದವರ ಹಾಗೆ ಕಾಣುತ್ತಿದ್ದ. ಈಗ ಅವನಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ. ದೂರದ ಸಿಗ್ನಲ್ಲು ಕೆಂಪಿನಿಂದ ಹಸಿರಾದದ್ದನ್ನು ಎಲ್ಲರಿಗಿಂತ ಮೊದಲು ನೋಡಿ, 'ಬಂತು ನಿನ್ ರೈಲು' ಎಂದ.

ನಾನು ಕಿಟಕಿಯ ಹತ್ತಿರ ಕೂತೆ. ಅಪ್ಪ ಸರಳು ಹಿಡಿದುಕೊಂಡು ನಿಂತ. 'ದೂರ ಹೊಂಟ್ಯಾ ಮಗಳೇ?' ಎಂದ. ಹೂಂ ಕಣಪ್ಪ ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ, ನಮ್ಮಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ರೈಲು ಅಲ್ಲಾಡಿತು. ಅಪ್ಪ ಸರಳು ಬಿಡಲಿಲ್ಲ. ಜೊತೆಗೇ ನಡೆದ, ಆಮೇಲೆ ಜೋರಾಗಿ ನಡೆದ. ಕನ್ನಡಕದ ಕೆಳಗೆ ಕಣ್ಣೀರು ಇಳಿಯುತ್ತಿತ್ತು, ಆಪರೇಷನ್ ಆದ ಕಣ್ಣು, ಅಳಬಾರದು ಎಂದು ನಾನು ಹೇಳುವಷ್ಟರಲ್ಲಿ ಅಪ್ಪನ ಬಾಯಿಂದ ಬಂದೇಬಿಟ್ಟಿತು:

'ಎಲ್ಲಿಗವ್ವಾ? ಎಲ್ಲಿಗೆ ಹೊಂಟೆ ನನ್ನವ್ವಾ?'

ಅಂದವನೇ ಸರಳು ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮುಖದಲ್ಲಿ ರಕ್ತವೇ ಇರಲಿಲ್ಲ. ಹುಟ್ಟಿದಾಗಿನಿಂದ ಯಾರನ್ನೂ ಕೇಳದವನು ನನ್ನನ್ನು ಕೇಳಿದ್ದ. ನಾನು ಇಳಿದು, ಕೂತು, ನೀರು ಕುಡಿಯಬೇಕಿತ್ತು. ರೈಲು ಓಡುತ್ತಿತ್ತು. ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಹಾಗೇ ನಿಂತಿದ್ದ, ನನ್ನನ್ನು ತಾನೇ ಕೊಂದವನ ಹಾಗೆ. ಏನಾದರೂ ಉತ್ತರ ಕೊಡದೆ ಅವನನ್ನು ಅಲ್ಲಿ ಬಿಟ್ಟು ಹೋಗುವುದು ಹೇಗೆ? ಟಿಕೆಟ್ಟಿನಲ್ಲಿದ್ದ ಊರು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ, ಬಂದಿದ್ದರೂ ಅದು ನಿಮ್ಮ ಊರಲ್ಲ.

ಗಂಡನ ಹೆಸರು ಹೇಳು, ಹೆಸರು ಹೇಳು ಎಂದು ಮದುವೆಯಲ್ಲಿ ಅಷ್ಟು ಜನ ಪೀಡಿಸಿದರೂ ನಾನು ಬಾಯಿ ಬಿಟ್ಟಿರಲಿಲ್ಲ. ಈಗ ಕಿಟಕಿಗೆ ಮುಖವಿಟ್ಟು, ಇಡೀ ಬೋಗಿ ತಿರುಗಿ ನೋಡುವ ಹಾಗೆ ಕೂಗಿದೆ:

'ದಯಾನಂದನ ತಾವ ಕಣಪ್ಪಾ! ದಯಾನಂದನ ತಾವ!'

ಅಪ್ಪ ಬಾಯಿಂದ ಕೈ ತೆಗೆದ.

ರಂಜಿತಾ